ನಾಲ್ಕನೇ ನಂಬರಿಗೆ ಹತ್ತೊಂಬತ್ತು ಚೀಟಿ

ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ತಣ್ಣಗೆ ಮಲಗಿತ್ತು. ಕಾರ್ಖಾನೆಯಲ್ಲಿ ಅವನು ಎಲ್ಲರಿಗೂ ಮೂಲೆರಾಯ. ರಟ್ಟಿನ ಪೆಟ್ಟಿಗೆ ಮಾಡುವ ಆ ಕಾರ್ಖಾನೆಯಲ್ಲಿ ಅವನದು ತಪಾಸಣೆಯ ಕೆಲಸ. ಸಾಲಿನ ಕೊನೆಯಲ್ಲಿ ನಿಂತು, ಇಪ್ಪತ್ತು ಪೆಟ್ಟಿಗೆಗೆ ಒಂದನ್ನು ಎತ್ತಿಕೊಂಡು, ಅದರ ಮೂಲೆಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡಬೇಕು. ಮೂಲೆ ಕುಸಿದರೆ ಹಳದಿ ಚೀಟಿ ತುಂಬಬೇಕು: ಎಲ್ಲಿ ಕುಸಿಯಿತು, ಯಾವ ಮೆಷಿನ್ನು, ಏನು ಕಾರಣ. ಕೆಳಗೆ ‘ತಿರಸ್ಕೃತ’ ಎಂಬ ಕೆಂಪು ಮೊಹರು. ಮೊಹರಿನಲ್ಲೇ ಅವನ ಟೋಕನ್ ನಂಬರು, ೩೧೭. ಇಪ್ಪತ್ತೇಳು ವರ್ಷದ ಬಾಳಿನಲ್ಲಿ ಅವನು ತಾನಾಗಿ ಏನನ್ನೂ ಕಟ್ಟಿದ್ದಿಲ್ಲ. ಬೇರೆಯವರು ಕಟ್ಟಿದ್ದನ್ನು ಒತ್ತಿ ಬೀಳಿಸುವುದರಲ್ಲಿ ಮಾತ್ರ ಎತ್ತಿದ ಕೈ.

ಫುಟ್‌ಬಾಲಿನಲ್ಲೂ ಅವನ ಜಾತಕ ಹೀಗೇ ಇತ್ತು. ಬದುಕಿನಲ್ಲಿ ಒಂದೇ ಒಂದು ಸಲ, ವಿಭಾಗಗಳ ನಡುವಿನ ಪಂದ್ಯದಲ್ಲಿ ಯಾರೋ ಹೊಟ್ಟೆನೋವೆಂದು ಕೂತುಬಿಟ್ಟಿದ್ದಕ್ಕೆ ಅವನನ್ನು ಮೈದಾನಕ್ಕೆ ಇಳಿಸಿದ್ದರು. ಹನ್ನೊಂದು ನಿಮಿಷ ಆಡಿದ. ಹತ್ತನೆಯ ನಿಮಿಷದಲ್ಲಿ ಚೆಂಡನ್ನು ಅಡ್ಡಗಟ್ಟಲು ಹೋಗಿ ತಮ್ಮದೇ ಬಲೆಗೆ ಸೇರಿಸಿದ. ಹನ್ನೊಂದನೆಯ ನಿಮಿಷಕ್ಕೆ ಹೊಟ್ಟೆನೋವಿನವನಿಗೆ ತಾನಾಗಿ ವಾಸಿಯಾಯಿತು. ಅಂದಿನಿಂದ, ಮೈದಾನದ ಹೊರಗೆ ನಿಂತು ಡಿಫೆನ್ಸಿನ ಬಗ್ಗೆ ಮಾತಾಡುವುದೇ ಆಟಕ್ಕೆ ತಾನು ಮಾಡಬಹುದಾದ ದೊಡ್ಡ ಉಪಕಾರವೆಂದು ಅವನು ತೀರ್ಮಾನಿಸಿಬಿಟ್ಟ. ಈಜು ಬಾರದವನು ದಡದಲ್ಲಿ ನಿಂತು ‘ಕೈ ಹೀಗೆ ಬೀಸು’ ಎಂದ ಹಾಗೆ.

ಕಾರ್ಖಾನೆಗೆ ತನ್ನದೇ ತಂಡವಿತ್ತು. ಎರಡನೆಯ ದರ್ಜೆಯ ಲೀಗಿನಲ್ಲಿ ಆಡುತ್ತಿತ್ತು. ಆಡುತ್ತಿತ್ತು ಎನ್ನುವುದಕ್ಕಿಂತ ಸೋಲುತ್ತಿತ್ತು ಎಂದರೆ ಸರಿ. ಹದಿನೆಂಟು ಪಂದ್ಯಗಳಲ್ಲಿ ನಲವತ್ತೊಂದು ಗೋಲು ತಿಂದಿತ್ತು. ಮೂಲೆರಾಯ ಗೋಲುಕಂಬದ ಹಿಂದೆ, ಒಡೆದ ಸಿಮೆಂಟು ಇಟ್ಟಿಗೆಗಳ ರಾಶಿಯ ಮೇಲೆ ನಿಂತು ಆ ನಲವತ್ತೊಂದನ್ನೂ ಕಣ್ಣಾರೆ ಕಂಡಿದ್ದ. ಮೊದಲ ಪಂದ್ಯದ ದಿನ ಅಂಗಿಯ ಜೇಬಿನಲ್ಲಿ ಹಳದಿ ಚೀಟಿಗಳ ಕಟ್ಟು ಉಳಿದಿತ್ತು. ಗೋಲು ಬಿದ್ದ ಸಿಟ್ಟಿಗೆ ಒಂದನ್ನು ತೆಗೆದು ತುಂಬಿದ. ಎಲ್ಲಿ: ಎಡಗಂಬದ ಹತ್ತಿರ. ಮೆಷಿನ್ನು: ನಾಲ್ಕು. ಕಾರಣ: ತಡವಾಗಿ ಬಂದದ್ದು. ಕಾರ್ಖಾನೆಯಲ್ಲಿ ಪೆಟ್ಟಿಗೆ ಯಾವ ಮೆಷಿನ್ನಿನ ಜಾಗದಲ್ಲಿ ಬಿಚ್ಚಿಕೊಂಡಿತೋ ಅದರ ನಂಬರು ಬರೆಯುತ್ತಾರೆ. ಇಲ್ಲೂ ಅದೇ ನಿಯಮ. ಚೆಂಡಿಗೆ ಕೊನೆಯಲ್ಲಿ ಯಾರು ಹತ್ತಿರವಿದ್ದರೋ ಅವರ ನಂಬರು. ಅವನಿಗೆ ಅದೆಷ್ಟು ಇಷ್ಟವಾಯಿತೆಂದರೆ, ಪಕ್ಕದಲ್ಲಿದ್ದವರು ನಗಲಿ ಎಂದು ಮಾರನೆಯ ದಿನ ಚೀಟಿಗೆ ಕೆಂಪು ಮೊಹರನ್ನೂ ಒತ್ತಿದ. ಆಮೇಲೆ ಅದು ಚಟವಾಯಿತು. ಲೀಗು ಮುಗಿಯುವ ಹೊತ್ತಿಗೆ ನಲವತ್ತೊಂದು ಚೀಟಿ, ನಲವತ್ತೊಂದು ಮೊಹರು.

ತೊಂದರೆ ಒಂದೇ. ನಾಲ್ಕನೇ ನಂಬರಿನ ಅಂಗಿ ತೊಟ್ಟು ಮಧ್ಯದಲ್ಲಿ ನಿಲ್ಲುತ್ತಿದ್ದವನು ಅವನ ಭಾವ, ಅಕ್ಕನ ಗಂಡ. ತಾಯಿ ತೀರಿಕೊಂಡ ಮೇಲೆ ಮೂಲೆರಾಯ ಅನ್ನ ತಿಂದು ದೊಡ್ಡವನಾದದ್ದು ಅವರ ಮನೆಯಲ್ಲೇ. ಈಗಲೂ ಕಾರ್ಖಾನೆ ಕೊಟ್ಟ ಆ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಒಂದು ಕೋಣೆ ಅವನದು. ಬಾಗಿಲ ಮೇಲೆ ಬಿಳಿ ಬಣ್ಣದಲ್ಲಿ ಭಾವನ ಟೋಕನ್ ನಂಬರು ಬರೆದಿತ್ತು; ಯಾರ ಹೆಸರಿನಲ್ಲಿ ಮನೆಯೋ ಅವರ ನಂಬರು ಬಾಗಿಲ ಮೇಲಿರಬೇಕೆಂದು ನಿಯಮ. ಭಾವನಿಗೆ ಹದಿನೆಂಟು ವರ್ಷದ ಹಿಂದೆ ಕೆಲಸ ಸಿಕ್ಕಿದ್ದು ಕಾಲಿನ ಬಲದಿಂದ. ಹೆಸರಿಗೆ ಅಂಟಿನ ವಿಭಾಗ, ಕೆಲಸ ಮಧ್ಯಾಹ್ನ ಮೂರರವರೆಗೆ, ಆಮೇಲೆ ಮೈದಾನ. ಆಗ ಅವನನ್ನು ‘ಗೋಡೆ’ ಎನ್ನುತ್ತಿದ್ದರು. ಈಗ ಮೂವತ್ತೆಂಟು. ಬಲಮೊಣಕಾಲು ಸಂಜೆಗೆ ಬನ್ನಿನ ಹಾಗೆ ಉಬ್ಬುತ್ತಿತ್ತು. ‘ಗೋಡೆಗೆ ಬಾಗಿಲಿಟ್ರು, ಈ ವರ್ಷ ಕಿಟಕೀನೂ ಆಯ್ತು’ ಎಂದು ಇಟ್ಟಿಗೆ ರಾಶಿಯ ಮೇಲಿನವರು ಕೂಗುವಾಗ ಮೂಲೆರಾಯ ಮುಖ ಆಚೆ ತಿರುಗಿಸುತ್ತಿದ್ದ. ನಗು ಕಾಣಬಾರದಲ್ಲ.

ಮನೆಯಲ್ಲಿ ಅದೊಂದು ತಮಾಷೆಯಾಗಿತ್ತು. ಪಂದ್ಯ ಮುಗಿಸಿ ಬಂದ ಭಾವ ಕಾಲನ್ನು ಸ್ಟೂಲಿನ ಮೇಲೆ ಚಾಚಿ, ಟವೆಲ್ಲಿನಲ್ಲಿ ಐಸು ಕಟ್ಟಿಕೊಂಡು ಕೇಳುತ್ತಿದ್ದ:

“ಏನ್ರೀ ಪರೀಕ್ಷಕರೇ, ಇವತ್ತು ನನ್ನ ತಲೆಗೆ ಎಷ್ಟು?”

“ಎರಡು ಭಾವ.”

“ಎರಡನೇದು ನಂದಲ್ಲ ಕಣೋ. ನಾನು ಆ ಕಡೆಯಿಂದ ಓಡಿ ಬಂದೆ.”

“ಬಂದಿರಲ್ಲ, ಅದಕ್ಕೇ. ಕೊನೆಗೆ ಚೆಂಡಿನ ಹತ್ರ ಇದ್ದೋರು ನೀವೇ.”

“ಹಾಗಾದ್ರೆ ಇನ್ಮೇಲೆ ಓಡಿ ಬರಲ್ಲ ಬಿಡು” ಎಂದು ಭಾವ ನಗುತ್ತಿದ್ದ. ಅಕ್ಕ ಗುಂಡಿ ಹೊಲಿಯುತ್ತ ಕೂತಿರುತ್ತಿದ್ದಳು. ಸಿದ್ಧ ಉಡುಪಿನ ಅಂಗಡಿಯಿಂದ ತಂದ ಅಂಗಿಗಳು ಅವಳ ಸುತ್ತ ಗುಡ್ಡೆ. ದಾರವನ್ನು ಹಲ್ಲಿನಲ್ಲಿ ಕಡಿದು, “ಇಬ್ಬರೂ ಮುಚ್ತೀರಾ ಬಾಯಿ? ಊಟದ ಹೊತ್ತಲ್ಲಿ ಗೋಲು ಬೇಡ” ಎನ್ನುತ್ತಿದ್ದಳು.

ಅವನಿಗೆ ಬುದ್ಧಿ ಇರಲಿಲ್ಲವೆಂದಲ್ಲ. ಹಿಂದಿನ ವರ್ಷ ಒಂದು ಲೋಡು ಪೆಟ್ಟಿಗೆಗಳು ಗಿರಾಕಿಯ ಗೋದಾಮಿನಲ್ಲಿ ಬಾಯಿ ಬಿಟ್ಟುಕೊಂಡು ಮರಳಿ ಬಂದಿದ್ದವು. ಬಿಚ್ಚಿಕೊಂಡದ್ದು ಅಂಟಿನ ಜಾಗದಲ್ಲಿ. ಎಲ್ಲರ ಬೆರಳೂ ಅಂಟಿನ ವಿಭಾಗದ ಕಡೆಗೆ, ಅಂದರೆ ಭಾವನ ಕಡೆಗೆ ತಿರುಗಿತ್ತು. ಮೂಲೆರಾಯ ಎರಡು ದಿನ ಹಿಂದೆ ಹಿಂದೆ ಹೋಗಿ ಹುಡುಕಿದ. ಕಾಗದದ ಉರುಳೆಗಳನ್ನು ಇಡುವ ಶೆಡ್ಡಿನ ತಗಡು ಸೋರುತ್ತಿತ್ತು. ಒದ್ದೆ ಕಾಗದಕ್ಕೆ ಯಾವ ಅಂಟೂ ಹಿಡಿಯುವುದಿಲ್ಲ. ಕ್ಯಾಂಟೀನಿನಲ್ಲಿ ಬೆಂಚು ಹತ್ತಿ ನಿಂತು ಹೇಳಿದ: “ಬಿಚ್ಚಿಕೊಂಡ ಜಾಗದಲ್ಲಿ ತಪ್ಪು ಹುಡುಕ್ಬೇಡಿ ಸ್ವಾಮಿ, ಹಿಂದಕ್ಕೆ ಹೋಗಿ!” ಅವನ ಬದುಕಿನಲ್ಲೇ ಅತಿ ಒಳ್ಳೆಯ ಮಾತು ಅದು. ಅದನ್ನು ಮೊದಲು ಮರೆತವನೂ ಅವನೇ.

ಲೀಗು ಮುಗಿದ ಮೇಲೆ ಪ್ರತಿ ವರ್ಷ ಕ್ಯಾಂಟೀನಿನಲ್ಲಿ ಅಭಿಮಾನಿಗಳ ಸಭೆ. ಕೂಗಾಡುವುದು, ಟೀ ಕುಡಿಯುವುದು, ಮುಂದಿನ ವರ್ಷ ನೋಡೋಣ ಎಂದು ಏಳುವುದು. ಈ ವರ್ಷ ಹೊಸ ಮ್ಯಾನೇಜರ್ ಬಂದಿದ್ದರು. ಮೆತ್ತಗಿನ ದನಿಯ ಮನುಷ್ಯ. ಎಲ್ಲರನ್ನೂ ‘ನೀವು’ ಎನ್ನುತ್ತಿದ್ದರು. “ಬಾಯಿಮಾತು ಬೇಡ, ಯಾರಿಗೆ ಏನು ಅನ್ನಿಸತ್ತೋ ಬರೆದುಕೊಡಿ” ಎಂದು ನೋಟೀಸು ಹಾಕಿದರು. ಮೂಲೆರಾಯನಿಗೆ ಕುಣಿಯೋ ಎಂದದ್ದೇ ತಡ, ಕಾಲಿಗೆ ಗೆಜ್ಜೆ ಕಟ್ಟಿದ ಹಾಗಾಯಿತು. ಮೂರು ಸಂಜೆ ಕೂತು ನಾಲ್ಕು ಪುಟ ಬರೆದ. ಮೇಲೆ ಎರಡು ಗೆರೆ ಎಳೆದು ‘ನಮ್ಮ ಹಿಂದಿನ ಸಾಲಿನ (ಡಿಫೆನ್ಸಿನ) ಮರುನಿರ್ಮಾಣ’ ಎಂದು ತಲೆಬರಹ ಕೊಟ್ಟ.

ಏನೆಲ್ಲ ಬರೆದಿದ್ದ! ಗೋಲು ಕಾಯುವ ಗೋಲಿ ಬಾಯಿ ಬಿಟ್ಟು ಕೂಗಬೇಕು, ಮೂಕ ಗೋಲಿಗಿಂತ ಬೆದರುಬೊಂಬೆ ಮೇಲು. ಕಾರ್ನರ್ ಕಿಕ್ಕಿಗೆ ಎಲ್ಲರೂ ಚೆಂಡನ್ನೇ ನೋಡುತ್ತ ನಿಲ್ಲುವುದು ತಪ್ಪಬೇಕು, ಚೆಂಡು ಗೋಲು ಹೊಡೆಯುವುದಿಲ್ಲ, ಮನುಷ್ಯ ಹೊಡೆಯುತ್ತಾನೆ. ಮಧ್ಯದಲ್ಲಿ ಒಬ್ಬ ಎತ್ತರದವನು, ಒಬ್ಬ ಚುರುಕಿನವನು, ಹೀಗೆ ಜೋಡಿ ಇರಬೇಕು. ಈಗಿರುವ ಇಬ್ಬರೂ ಎತ್ತರ, ಇಬ್ಬರೂ ನಿಧಾನ. ಎಡಗಡೆಯನ್ನು ಮಾತ್ರ ಮುಟ್ಟಬೇಡಿ ಎಂದು ಅಡಿಗೆರೆ ಹಾಕಿದ್ದ. ಎಡಗಡೆ ಕಾಯಬೇಕಾದ ಹುರಿಯಾಳಿಗೆ ಜನ ‘ಗಾಳಿ’ ಎನ್ನುತ್ತಿದ್ದರು. ಚೆಂಡು ಸಿಕ್ಕರೆ ಸಾಕು, ತನ್ನ ಜಾಗ ಬಿಟ್ಟು ಎದುರಾಳಿಯ ಗೋಲಿನವರೆಗೆ ನುಗ್ಗುತ್ತಿದ್ದ. ಇಟ್ಟಿಗೆ ರಾಶಿಯೆಲ್ಲ ಅವನಿಗೆ ಸೀಟಿ ಹಾಕುತ್ತಿತ್ತು. ಹೆಚ್ಚು ಜೋರಾಗಿ ಮೂಲೆರಾಯನೇ. ಮೂರನೇ ಪುಟದಲ್ಲಿ ಪಟ್ಟಿ: ಗೋಲಿ ಆರು, ಬಲಗಡೆಯವನು ಆರು, ಮಧ್ಯದ ಇನ್ನೊಬ್ಬ ಎಂಟು, ಗಾಳಿ ಬರೀ ಎರಡು, ನಾಲ್ಕನೇ ನಂಬರು ಹತ್ತೊಂಬತ್ತು. ಆಧಾರಕ್ಕೆ ಚೀಟಿಗಳನ್ನೂ ಲಗತ್ತಿಸಿದ. ‘ನಾಲ್ಕನೇ ನಂಬರನ್ನು ಬದಲಿಸದೆ ಈ ಕೋಟೆ ನಿಲ್ಲದು’ ಎಂದು ಬರೆಯುವಾಗ ಕೈ ಒಂದು ಕ್ಷಣ ತಡೆದದ್ದು ನಿಜ. ಅದಕ್ಕೇ ನಾಲ್ಕನೇ ಪುಟದ ಕೊನೆಗೆ, ‘ಅವರ ಅನುಭವವನ್ನು ಹುಡುಗರಿಗೆ ಕಲಿಸಲು ಬಳಸಿಕೊಳ್ಳಬಹುದು’ ಎಂದು ಒಂದು ಸಾಲು ಸೇರಿಸಿ ಆತ್ಮಸಾಕ್ಷಿಯನ್ನು ಒರೆಸಿಕೊಂಡ. ಭಾವನಿಗೂ ಒಳ್ಳೆಯದೇ ಎಂದುಕೊಂಡ. ಸೀಟಿ ಕೊರಳಿಗೆ ಹಾಕಿಕೊಂಡು ಬದಿಯಲ್ಲಿ ನಿಂತರೆ ಮೊಣಕಾಲಿಗೂ ಆರಾಮ.

ಸಭೆಯಲ್ಲಿ ಮ್ಯಾನೇಜರ್ ಆ ಪುಟಗಳನ್ನು ಎತ್ತಿ ಹಿಡಿದರು. “ನೋಡಿ, ಹೀಗಿರಬೇಕು. ಕೂಗಾಟ ಇಲ್ಲ, ಅಂಕಿ ಇದೆ.”

ಮೂಲೆರಾಯನ ಕಿವಿ ಬಿಸಿಯಾಯಿತು. ಪಕ್ಕದಲ್ಲಿದ್ದ ಗೆಳೆಯ, ಪೆಟ್ಟಿಗೆಗೆ ತಂತಿ ಪಿನ್ನು ಹೊಡೆಯುವವನು, ಅದಕ್ಕೇ ಪಿನ್ನು ಎನಿಸಿಕೊಂಡವನು, ಮೊಣಕೈಯಿಂದ ತಿವಿದ.

“ಲೋ, ನಾಲ್ಕನೇ ನಂಬರ್ ಅಂದ್ರೆ ನಿಮ್ಮ ಭಾವ ಅಲ್ವೇನೋ?”

“ಆಟದ ಮಾತು ಬೇರೆ, ಮನೆ ಮಾತು ಬೇರೆ.”

“ಅದು ಸರಿ. ರಾತ್ರಿ ಊಟ ಎಲ್ಲಿ? ಆಟದಲ್ಲೋ ಮನೇಲೋ?”

ಮೂಲೆರಾಯ ನಕ್ಕ. ಆ ನಗುವನ್ನು ಆಮೇಲೆ ಎಷ್ಟೋ ಸಲ ಹಿಂದಕ್ಕೆ ಎಳೆದುಕೊಳ್ಳಲು ನೋಡಿದ.

ಮೂರು ವಾರದ ಮೇಲೆ, ಶುಕ್ರವಾರ ಸಂಜೆ ಮನೆಗೆ ಬಂದಾಗ ಭಾವ ಸ್ಟೂಲಿನ ಮೇಲೆ ಕಾಲು ಚಾಚಿರಲಿಲ್ಲ. ಎರಡೂ ಕಾಲು ನೆಲಕ್ಕೂರಿ, ಶಾಲೆಯ ಹುಡುಗನ ಹಾಗೆ ನೆಟ್ಟಗೆ ಕೂತಿದ್ದ. ಅಕ್ಕನ ತೊಡೆಯ ಮೇಲೆ ಅಂಗಿಯ ಬದಲು ಒಂದು ಲಕೋಟೆ. ಕ್ರೀಡೆಯ ಆಧಾರದ ಮೇಲೆ ಕೊಟ್ಟ ಹುದ್ದೆಗಳ ಮರುಪರಿಶೀಲನೆ ನಡೆದಿದೆ. ಮೈದಾನದ ಸಾಧನೆ ತೃಪ್ತಿಕರವಾಗಿಲ್ಲದ್ದರಿಂದ ತಿಂಗಳ ಕೊನೆಗೆ ಸೇವೆ ಮುಕ್ತಾಯ. ವಸತಿಯನ್ನು ತೆರವು ಮಾಡುವುದು. ಆಧಾರ ದಾಖಲೆ ಲಗತ್ತಿಸಿದೆ. ಲಗತ್ತಿನಲ್ಲಿ ಮೂರನೇ ಪುಟವಿತ್ತು, ಹತ್ತೊಂಬತ್ತು ಚೀಟಿಗಳ ನಕಲು ಇತ್ತು. ನಾಲ್ಕನೇ ಪುಟ ಇರಲಿಲ್ಲ. ನಕಲಿನಲ್ಲಿ ಕೆಂಪು ಮೊಹರು ಕಪ್ಪಾಗಿತ್ತು. ನಂಬರು ಮಾತ್ರ ಸ್ಪಷ್ಟ.

“ಈ ಮುನ್ನೂರ ಹದಿನೇಳು ಯಾರೋ?” ಎಂದು ಅಕ್ಕ ಕೇಳಿದಳು. ಅವಳಿಗೆ ಗೊತ್ತಿತ್ತು. ಅವನ ಊಟದ ಡಬ್ಬಿಯ ಮೇಲೆ ಆ ನಂಬರನ್ನು ಮೊಳೆಯಿಂದ ಕೆತ್ತಿದವಳೇ ಅವಳು.

“ಅಕ್ಕ, ನಾನು ಆಟಕ್ಕೆ ಅಂತ...”

“ಉಂಡ ಮನೆ ಜಂತೆ ಎಣಿಸ್ತಾರೆ ಅಂತ ಗಾದೆ ಕೇಳಿದ್ದೆ. ನೀನು ಎಣಿಸಿ, ಬರೆದು, ಸೀಲೂ ಹಾಕಿದೀಯಲ್ಲೋ!”

“ಬಿಡೇ” ಎಂದ ಭಾವ. ಚೀಟಿಗಳನ್ನು ಒಂದೊಂದಾಗಿ ತಿರುವುತ್ತಿದ್ದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಮೂಲೆರಾಯ ಕಾಲಿಗಾದರೂ ಬೀಳುತ್ತಿದ್ದ. “ಎಣಿಕೆ ತಪ್ಪಿಲ್ಲ. ಹತ್ತೊಂಬತ್ತು ಸಲಾನೂ ಅಲ್ಲಿದ್ದೋನು ನಾನೇ. ಆದ್ರೆ ‘ಎಲ್ಲಿ’ ಅನ್ನೋ ಜಾಗದಲ್ಲಿ ನೀನೇ ಏನು ಬರೆದಿದೀಯ ಓದು. ಎಡಗಡೆ. ಎಡಗಡೆ. ಇದೂ ಎಡಗಡೆ. ಹದಿನಾಲ್ಕು ಎಡಗಡೆ ಕಣೋ.”

ಮೂಲೆರಾಯ ಓದಿದ. ತನ್ನದೇ ಕೈಬರಹ.

“ಗಾಳಿ ಮುಂದೆ ಹೋಗ್ತಾನೆ, ನೀವೆಲ್ಲ ಸೀಟಿ ಹೊಡೀತೀರಿ. ಚೆಂಡು ಅವನು ಬಿಟ್ಟು ಹೋದ ಜಾಗಕ್ಕೆ ಬೀಳತ್ತೆ. ನಾನು ನನ್ನ ಜಾಗ ಬಿಟ್ಟು ಆ ಕಡೆ ಓಡ್ಬೇಕು. ಈ ಕಾಲಲ್ಲಿ ಎಷ್ಟು ಓಡ್ಲಿ? ತಡ ಆಗತ್ತೆ. ತಡವಾಗಿ ಬಂದೋನ ಹೆಸರು ಚೀಟೀಲಿ ಬರತ್ತೆ. ಬರದೇ ಇರೋನ ಹೆಸರು ಎಲ್ಲೂ ಬರಲ್ಲ. ಓಡದೇ ನಿಂತ್ಕೊಂಡಿದ್ರೆ ನನ್ನ ಲೆಕ್ಕಾನೂ ಐದೇ ಇರ್ತಿತ್ತು.” ಚೀಟಿಗಳನ್ನು ಜೋಡಿಸಿ ಲಕೋಟೆಗೆ ಹಾಕಿದ. “ಬಿಚ್ಚಿಕೊಂಡ ಜಾಗದಲ್ಲಿ ಹುಡುಕ್ಬೇಡಿ ಅಂತ ಬೆಂಚು ಹತ್ತಿ ಹೇಳಿದ್ಯಲ್ಲ. ಅವತ್ತು ನನಗೆ ಎಷ್ಟು ಹೆಮ್ಮೆ ಆಗಿತ್ತು ಗೊತ್ತಾ?”

ಆ ರಾತ್ರಿ ಮೂಲೆರಾಯ ತಟ್ಟೆಯ ಅನ್ನವನ್ನು ಹಾಗೇ ಬಿಟ್ಟು ಎದ್ದ. ಅಕ್ಕ ಬಡಿಸಿದ್ದಳು ಮಾತ್ರ. ಎಂದಿನಷ್ಟೇ, ಎಂದಿನ ತಟ್ಟೆಯಲ್ಲೇ.

ಸೋಮವಾರ ಬೆಳಿಗ್ಗೆ ಮ್ಯಾನೇಜರ್ ಕೋಣೆಯಲ್ಲಿ ನಿಂತ. ಗಾಜಿನ ಮೇಜು, ಅದರ ಮೇಲೆ ತಂಡ ಎಂದೋ ಗೆದ್ದ ಹಳೆಯ ಕಪ್ಪೊಂದು, ಅದರೊಳಗೆ ಪೆನ್ನುಗಳು.

“ಸಾರ್, ಆ ಚೀಟಿಗಳು ತಪ್ಪು. ಹತ್ತೊಂಬತ್ತಲ್ಲ, ಐದು. ನಾನು ಬರೆದುಕೊಡ್ತೀನಿ.”

“ಕೂತ್ಕೊಳಿ” ಎಂದರು ಮ್ಯಾನೇಜರ್. ಅವನು ಕೂರಲಿಲ್ಲ. “ಬರೆದುಕೊಡಿ, ಬೇಡ ಅನ್ನಲ್ಲ. ಆದ್ರೆ ನನ್ನ ಕಷ್ಟಾನೂ ನೋಡಿ. ಅದು ಕಾರ್ಖಾನೆ ಚೀಟಿ, ಕಾರ್ಖಾನೆ ಮೊಹರು. ನಲವತ್ತೊಂದು ಚೀಟೀಲಿ ಹದಿನಾಲ್ಕು ತಪ್ಪು ಅಂತ ನೀವೇ ಬರೆದುಕೊಟ್ರೆ, ನೀವು ತಿರಸ್ಕರಿಸಿರೋ ಪೆಟ್ಟಿಗೆಗಳ ಗತಿ ಏನು ಅಂತ ನಾನು ಕೇಳಲೇಬೇಕಾಗತ್ತೆ. ಮೊಹರಿನ ದುರುಪಯೋಗ ಅಂತ ಇನ್ನೊಂದು ಇದೆ. ನಿಮ್ಮ ಕೆಲಸಾನೂ ಪ್ರಶ್ನೆಗೆ ಬರತ್ತೆ.”

“ಬರೆದುಕೊಟ್ರೆ ಭಾವನ ಕೆಲಸ ಉಳಿಯತ್ತಾ ಸಾರ್?”

ಮ್ಯಾನೇಜರ್ ಕಪ್ಪಿನಿಂದ ಒಂದು ಪೆನ್ನು ತೆಗೆದು, ನೋಡಿ, ಮತ್ತೆ ಇಟ್ಟರು. “ಆ ಹುದ್ದೆಗಳನ್ನ ಕಮ್ಮಿ ಮಾಡಿ ಅಂತ ಮೇಲಿಂದ ಎರಡು ವರ್ಷದಿಂದ ಹೇಳ್ತಿದ್ರು. ಆಧಾರ ಇರ್ಲಿಲ್ಲ ಅಷ್ಟೇ. ಒಂದು ಮಾಡ್ಬಹುದು. ಕ್ವಾರ್ಟರ್ಸು ಕೆಲಸದಲ್ಲಿರೋ ಮನೆಯವರ ಹೆಸರಿಗೆ ಬದಲಾಯಿಸ್ಕೊಳ್ಳೋಕೆ ಅವಕಾಶ ಇದೆ. ನೀವು ಅರ್ಜಿ ಕೊಡಿ, ನಾನು ಸಹಿ ಹಾಕ್ತೀನಿ. ನಾಳೆ ಹೇಳಿ.”

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಕೋಲು ಹಿಡಿದವನ ಕೈ ಮಾತ್ರ ಹೋಯಿತು. ದಿನವಿಡೀ ಮೂಲೆರಾಯ ಪೆಟ್ಟಿಗೆಗಳನ್ನು ಒತ್ತಿದ. ಒಂದೇ ಒಂದು ಚೀಟಿ ಬರೆಯಲಿಲ್ಲ. ಕುಸಿದ ಮೂಲೆಗಳೂ ಲಾರಿ ಹತ್ತಿ ಹೋದವು. ಊಟದ ಬಿಡುವಿನಲ್ಲಿ ಪಿನ್ನು ಬಂದು ಪಕ್ಕದಲ್ಲಿ ಕೂತ, ಜೋಕು ಹೇಳಲಿಲ್ಲ. ಅದೇ ಭಯವಾಗುವಂತಿತ್ತು.

ಮನೆಗೆ ಬಂದು ಎಲ್ಲ ಹೇಳಿದ. “ನಾನು ಬರೆದುಕೊಡ್ತೀನಿ ಅಕ್ಕ. ಹೋದ್ರೆ ಹೋಗ್ಲಿ ನನ್ನ ಕೆಲಸ” ಎಂದ. ಹೇಳುವಾಗ ದನಿ ಗಟ್ಟಿಯಾಗೇ ಇತ್ತು.

ಅಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದಳು. ಎರಡು ಸಲ ತಪ್ಪಿತು. “ಬರೀತೀಯ. ಅವರ ಕೆಲಸಾನೂ ಹೋಗತ್ತೆ, ನಿನ್ನದೂ ಹೋಗತ್ತೆ. ಆಮೇಲೆ ಮೂರೂ ಜನ ನಿನ್ನ ಸತ್ಯದ ಮೇಲೆ ಹಾಸಿಗೆ ಹಾಸ್ಕೊಂಡು ಮಲಗೋಣ, ಅಲ್ವಾ? ಊರು ಸೂರೆ ಹೋದ್ಮೇಲೆ ಕೋಟೆ ಬಾಗಿಲು ಹಾಕೋಕೆ ಹೊರಟಿದಾನೆ. ಬೇಡ. ಮನೆ ನಿನ್ನ ಹೆಸರಿಗೆ ಬರೆಸ್ಕೋ.”

“ಭಾವ, ನೀವಾದ್ರೂ ಹೇಳಿ.”

ಭಾವ ಮೊಣಕಾಲು ನೀವಿಕೊಳ್ಳುತ್ತಿದ್ದ. “ಅವಳು ಹೇಳಿದ ಹಾಗೆ ಮಾಡು. ಹಿಂದೆ ಒಬ್ಬನಾದ್ರೂ ನಿಂತಿರ್ಬೇಕು.”

ಅಕ್ಕ ಬೇಡವೆಂದ ಕ್ಷಣದಲ್ಲೇ ಮೂಲೆರಾಯನ ಎದೆಯೊಳಗೆ ಏನೋ ಸಡಿಲವಾಗಿತ್ತು. ಅದು ನೆಮ್ಮದಿ ಎಂದು ಆಮೇಲೆ ತಿಳಿಯಿತು. ಮುಖ ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋಗಿ, ಗೋಡೆಯ ಕನ್ನಡಿಯ ಕಡೆ ನೋಡದೆ, ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ನಿಂತ. ತ್ಯಾಗ ಮಾಡಲು ಹೊರಟವನನ್ನು ಯಾರಾದರೂ ತಡೆಯುತ್ತಾರೆಂದು ಮೊದಲೇ ಲೆಕ್ಕ ಹಾಕಿದ್ದೆನೇ? ಉತ್ತರ ಅವನಿಗೆ ಬೇಡವಾಗಿತ್ತು.

ಹೊಸ ಲೀಗು ಶುರುವಾಗುವ ಹೊತ್ತಿಗೆ ಭಾವ ಮನೆಯಲ್ಲಿ ಕೂತು ಅಂಗಿಗಳಿಗೆ ಗುಂಡಿ ಹೊಲಿಯುವುದನ್ನು ಕಲಿಯುತ್ತಿದ್ದ. ಅಷ್ಟು ದೊಡ್ಡ ಕೈಗಳಿಗೆ ಅಷ್ಟು ಸಣ್ಣ ಸೂಜಿ. ಎರಡು ಕಡೆ ಕೆಲಸ ಕೇಳಿ ಬಂದಿದ್ದ. ನಿಂತು ಮಾಡುವ ಕೆಲಸವೆಂದು ಅವರೇ ಬೇಡವೆಂದಿದ್ದರು.

ಮೊದಲ ಪಂದ್ಯ ಭಾನುವಾರ ಮಧ್ಯಾಹ್ನ. ಮೂಲೆರಾಯ ಹೋಗಬಾರದೆಂದಿದ್ದ, ಹೋದ. ನಾಲ್ಕನೇ ನಂಬರಿನ ಅಂಗಿಯಲ್ಲಿ ಹೊಸಬ, ಮೂಲೆರಾಯ ತನ್ನ ನಾಲ್ಕು ಪುಟದಲ್ಲಿ ಕೇಳಿದ್ದ ಹಾಗೆಯೇ: ಚುರುಕು, ಇಪ್ಪತ್ತೆರಡು ವರ್ಷ, ನೆಟ್ಟಗಿನ ಕಾಲುಗಳು. ಗೋಲಿ ಕೂಡ ಈಗ ಕೂಗುತ್ತಿದ್ದ. ಅರ್ಧ ಗಂಟೆ ಎಲ್ಲ ಸರಿಯಾಗೇ ಇತ್ತು. ಆಮೇಲೆ ಗಾಳಿಗೆ ಚೆಂಡು ಸಿಕ್ಕಿತು, ಇಟ್ಟಿಗೆ ರಾಶಿ ಸೀಟಿ ಹಾಕಿತು, ಅವನು ನುಗ್ಗಿದ, ಚೆಂಡು ಕಳೆದುಕೊಂಡ. ಎದುರಾಳಿ ಅದನ್ನು ಎತ್ತಿ ಎಡಗಡೆಯ ಖಾಲಿ ಜಾಗಕ್ಕೆ ಹಾಕಿದ. ಗೋಲಿ ಗಂಟಲು ಹರಿದು ಕೂಗಿದ. ಹೊಸಬ ಒಂದು ಸಲ ಆ ಕಡೆ ನೋಡಿದ. ದೂರವನ್ನು ಅಳೆದ. ಬುದ್ಧಿವಂತ, ತನ್ನ ಜಾಗದಲ್ಲೇ ನಿಂತ. ಯಾರ ಅಡ್ಡಿಯೂ ಇಲ್ಲದೆ ಚೆಂಡು ಬಲೆ ಸೇರಿತು.

“ಯಾರ ತಲೆಗೆ, ಪರೀಕ್ಷಕರೇ?” ಎಂದು ಹಿಂದಿನಿಂದ ಯಾರೋ ಕೇಳಿದರು.

“ಹತ್ರ ಯಾರೂ ಇರ್ಲಿಲ್ಲ.”

“ಹಾಗಾದ್ರೆ ಯಾರದ್ದೂ ತಪ್ಪಿಲ್ಲ ಬಿಡಿ!” ಎಂದು ನಕ್ಕರು. ಪಿನ್ನು ಮಾತ್ರ ನಗಲಿಲ್ಲ. ಮೂಲೆರಾಯನ ಕೈ ಅಭ್ಯಾಸಬಲದಿಂದ ಅಂಗಿಯ ಜೇಬಿಗೆ ಹೋಗಿತ್ತು. ಅಲ್ಲಿ ಏನೂ ಇರಲಿಲ್ಲ. ಪಂದ್ಯ ಮುಗಿಯುವವರೆಗೂ ಕೈ ಅಲ್ಲೇ ಇತ್ತು.

ಮನೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ಭಾವ ಬಾಗಿಲ ಮುಂದೆ ಸ್ಟೂಲು ಹಾಕಿ, ಬಲಗಾಲು ಚಾಚಿ ಕೂತಿದ್ದ. ಪಕ್ಕದಲ್ಲಿ ಬಿಳಿ ಬಣ್ಣದ ಸಣ್ಣ ಡಬ್ಬಿ. ಹದಿನೆಂಟು ವರ್ಷದ ತನ್ನ ನಂಬರನ್ನು ಬ್ಲೇಡಿನಿಂದ ಕೆರೆದು ತೆಗೆದಿದ್ದ; ಪುಡಿ ಹೊಸ್ತಿಲ ಮೇಲೆ ಬಿದ್ದಿತ್ತು. ನಾಳೆ ತಪಾಸಣೆಗೆ ಬರುತ್ತಾರೆಂದು ಕಚೇರಿಯವರು ಹೇಳಿ ಹೋಗಿದ್ದರಂತೆ. ಕುಂಚವನ್ನು ಎರಡು ಬೆರಳಲ್ಲಿ ಹಿಡಿದು ಏಳರ ಬಾಲವನ್ನು ಎಳೆಯುತ್ತಿದ್ದ.

“ನಾನು ಬರೀತಿದ್ದೆ ಭಾವ.”

“ಇರ್ಲಿ, ಹೊತ್ತು ಹೋಗ್ಬೇಕಲ್ಲ. ಎಷ್ಟಾಯ್ತು?”

“ಮೂರು ತಿಂದ್ರು.”

“ಎಡಗಡೆಯಿಂದಾನಾ?”

“ಎರಡು.”

ಭಾವ ತಲೆಯಾಡಿಸಿದ. ಸ್ವಲ್ಪ ಹಿಂದಕ್ಕೆ ವಾಲಿ ೩೧೭ನ್ನು ನೋಡಿದ, ಸೊಟ್ಟಗಾಗಿದೆಯೇ ಎಂದು. ಮೂಲೆರಾಯ ಒಳಗೆ ಹೋಗಲು ಬಾಗಿಲಿನ ಕಡೆ ಕೈ ಚಾಚಿದ.

“ಒತ್ತಬೇಡ” ಎಂದ ಭಾವ. “ಇನ್ನೂ ಹಸಿ ಇದೆ.”